ಪಕ್ಕದ ಕುರ್ಚಿ

ಆಸ್ಪತ್ರೆಯ ದೊಡ್ಡ ಡಾಕ್ಟರು ಸಭೆಯ ನಡುವೆ ಗೊರಕೆ ಹೊಡೆದ ಸುದ್ದಿ ಮಧ್ಯಾಹ್ನದ ಹೊತ್ತಿಗೆ ಔಷಧಿ ಕೌಂಟರಿನವರೆಗೂ ಹರಡಿತ್ತು. ಬೇರೆ ಯಾರಾದರೂ ಆಗಿದ್ದರೆ ನಕ್ಕು ಬಿಡಬಹುದಿತ್ತು. ಆದರೆ ಇವರು ನಿದ್ದೆಯ ವೈದ್ಯರೆಂದೇ ಹೆಸರಾದವರು. ಒಂದು ಮಂಚ, ಒಂದು ಯಂತ್ರ ಇಟ್ಟುಕೊಂಡು ನಿದ್ದೆಯ ವಿಭಾಗ ಕಟ್ಟಿ, ನಿಧಾನವಾಗಿ ಇಡೀ ಆಸ್ಪತ್ರೆಯ ಮುಖ್ಯಸ್ಥರಾದವರು.

ಈಗ ಆ ವಿಭಾಗ ನೋಡಿಕೊಳ್ಳುವ ಡಾಕ್ಟರಮ್ಮ ಅವರ ಶಿಷ್ಯೆ. ಸಭೆ ಮುಗಿದ ಮೇಲೆ ಅವರ ಕೋಣೆಗೆ ಬಂದು ಬಾಗಿಲು ಮುಂದೆ ಮಾಡಿದಳು.

“ಸರ್, ಬೆಳಿಗ್ಗೆ ಎದ್ದಾಗ ತಲೆನೋವು ಇರತ್ತಾ?”

“ಇರತ್ತೆ.”

“ಬಾಯಿ ಒಣಗಿರತ್ತಾ?”

“ನಾನು ಕಲಿಸಿದ ಪ್ರಶ್ನೆ ನನಗೇ ಕೇಳ್ತೀಯೇನಮ್ಮ?”

“ಇನ್ಯಾರನ್ನ ಕೇಳ್ಲಿ ಸರ್? ನಾಳೆ ಬನ್ನಿ. ಬರುವಾಗ ರಾತ್ರಿ ಪಕ್ಕದಲ್ಲಿ ಮಲಗೋರನ್ನ…” ಎಂದವಳು ಅಲ್ಲಿಗೇ ನಾಲಿಗೆ ಕಚ್ಚಿಕೊಂಡಳು.

ಆ ನಿಯಮ ಅವರದ್ದೇ. ಗೊರಕೆ ಹೊಡೆಯುವವನಿಗೆ ತನ್ನ ಗೊರಕೆ ಕೇಳುವುದಿಲ್ಲ, ಉಸಿರು ನಿಂತದ್ದೂ ತಿಳಿಯುವುದಿಲ್ಲ, ಪಕ್ಕದವರೇ ಹೇಳಬೇಕು. ಅದಕ್ಕಾಗಿ ರೋಗಿಯ ಕುರ್ಚಿಗೆ ತಾಗಿಸಿ ಇನ್ನೊಂದು ಕುರ್ಚಿ ಹಾಕಿಸಿದ್ದರು. ಅದರಲ್ಲಿ ಕೂತ ಹೆಂಡತಿಯರು, ತಾಯಂದಿರು ಕೈ ಬೀಸಿ ಬೀಸಿ ದೂರು ಹೇಳುವುದನ್ನು ಕೇಳಲು ಅವರಿಗೆ ಎಲ್ಲಿಲ್ಲದ ಖುಷಿ. ಒಬ್ಬರೇ ಬಂದವರನ್ನು “ಯಾರನ್ನಾದ್ರೂ ಕರ್ಕೊಂಡು ಬನ್ನಿ” ಎಂದು ವಾಪಸು ಕಳಿಸುತ್ತಿದ್ದರು. ಕೆಲವರು ಮತ್ತೆ ಬರುತ್ತಲೇ ಇರಲಿಲ್ಲ. ಅಸಡ್ಡೆ, ಎಂದುಕೊಂಡಿದ್ದರು.

ಅವರು ಮದುವೆಯಾಗಿರಲಿಲ್ಲ. ಹರೆಯವೆಲ್ಲ ಗಾಜಿನಾಚೆ ಮಲಗಿದ ರೋಗಿಗಳನ್ನು ನೋಡುವುದರಲ್ಲೇ ಕಳೆದಿತ್ತು. ಆಮೇಲೆ ಸಭೆ, ಕಟ್ಟಡ, ಸನ್ಮಾನ. ಮನೆಯ ಅಗಲವಾದ ಮಂಚದ ಒಂದು ಮಗ್ಗುಲಲ್ಲಿ ಇಸ್ತ್ರಿ ಮಾಡಿದ ಬಟ್ಟೆಗಳು ಮಲಗಿರುತ್ತಿದ್ದವು. ನಿಂತ ಉಸಿರು ಮತ್ತೆ ಶುರುವಾಗದೇ ಹೋದರೆ? ಡ್ರೈವರು ಗೇಟಿನಾಚೆ ಹಾರನ್ ಹೊಡೆಯುತ್ತ ನಿಂತಿರುತ್ತಾನೆ, ಅಷ್ಟೆ.

ಸಂಜೆ ಹಳ್ಳಿಯಲ್ಲಿದ್ದ ಅಕ್ಕನಿಗೆ ಫೋನ್ ಮಾಡಿದರು. ಚಿಕ್ಕಂದಿನಲ್ಲಿ ಇಬ್ಬರೂ ಒಂದೇ ಚಾಪೆಯಲ್ಲಿ ಮಲಗಿದವರು.

“ಅಕ್ಕಾ, ಒಂದೆರಡು ದಿನ ಬಂದಿರ್ತೀಯಾ? ನಾನು ಮಲಗೋದನ್ನ ಯಾರಾದ್ರೂ ನೋಡಬೇಕಿತ್ತು.”

“ಯಾಕೋ, ತೊಟ್ಟಿಲು ತೂಗ್ಬೇಕಾ?” ಅಕ್ಕ ಬಿದ್ದು ಬಿದ್ದು ನಕ್ಕಳು. ತಮ್ಮ ನಗಲಿಲ್ಲವೆಂದು ತಿಳಿದು ನಗು ನಿಲ್ಲಿಸಿದಳು. “ಎಮ್ಮೆಗೆ ದಿನ ತುಂಬಿದೆ ಕಣೋ, ಬಿಟ್ಟು ಬರೋ ಹಾಗಿಲ್ಲ. ಹೇಗೂ ಕೊಟ್ಟಿಗೇಲಿ ಎದ್ದೇ ಕೂತಿರ್ತೀನಿ. ಫೋನ್ ದಿಂಬಿನ ಪಕ್ಕ ಇಟ್ಕೊಂಡು ಮಲಗು. ಈ ಕಿವಿಗೆ ಎಮ್ಮೆ, ಆ ಕಿವಿಗೆ ನೀನು.”

ಮರುದಿನ ಬೆಳಿಗ್ಗೆ ಅವರು ರೋಗಿಯ ಕುರ್ಚಿಯಲ್ಲಿ ಕೂತರು. ಅದು ಇಷ್ಟು ತಗ್ಗೆಂದು ಅವರಿಗೆ ಗೊತ್ತಿರಲಿಲ್ಲ. ಪಕ್ಕದ ಕುರ್ಚಿಯ ಮೇಲೆ ಫೋನ್ ಇಟ್ಟರು.

“ಗೊರಕೆ ಹೊಡೀತಾರಾಮ್ಮ?” ಎಂದು ಡಾಕ್ಟರಮ್ಮ ಫೋನಿಗೆ ಬಗ್ಗಿ ಕೇಳಿದಳು.

“ಎಮ್ಮೇನೇ ಬೆಚ್ಚಿ ತಿರುಗಿ ನೋಡ್ತು, ಕೇಳ್ತೀರಲ್ಲ!” ಎಂದಿತು ಅಕ್ಕನ ಸ್ವರ.

“ಮಧ್ಯೆ ಉಸಿರು ನಿಲ್ಲತ್ತಾ?”

“ನಿಲ್ಲತ್ತೆ ತಾಯಿ. ಬಾವಿಗೆ ಬಿಟ್ಟ ಕೊಡದ ಹಗ್ಗ ಕೈ ಜಾರಿದ ಹಾಗೆ. ಸದ್ದೇ ಇಲ್ಲ. ಪುಟ್ಟಾ, ಪುಟ್ಟಾ ಅಂತ ಗಂಟಲು ಕಟ್ಟೋವರೆಗೂ ಕೂಗಿದೆ, ಏಳಲಿಲ್ಲ. ಇಷ್ಟು ದೂರದಿಂದ ಏನು ಮಾಡ್ಲಿ? ಆಮೇಲೆ ತಾನಾಗೇ ಎಳ್ಕೊಂಡ. ಮತ್ತೆ ನಿಲ್ಲಿಸಿದ. ಬೆಳಗಾಗೋವರೆಗೂ ಇದೇ.”

ದೊಡ್ಡ ಡಾಕ್ಟರು ಫೋನನ್ನೇ ನೋಡುತ್ತ ಕೂತರು. ಆ ಹೆಸರು ಹಿಡಿದು ಕರೆಯುವವರು ಅವಳೊಬ್ಬಳೇ ಉಳಿದಿದ್ದಳು. ರಾತ್ರಿಯೆಲ್ಲ ಕರೆದಿದ್ದಳು. ತಮಗೆ ಗೊತ್ತೇ ಆಗಿರಲಿಲ್ಲ.

“ಇವತ್ತೇ ಇಲ್ಲಿ ಮಲಗಿಸಿ ಪರೀಕ್ಷೆ ಮಾಡೋಣ ಸರ್,” ಎಂದಳು ಡಾಕ್ಟರಮ್ಮ. “ಮೂಗಿಗೆ ಹಾಕ್ಕೊಂಡು ಮಲಗೋ ಗಾಳಿಯ ಯಂತ್ರ ಬೇಕಾಗಬಹುದು.”

ಅವರು ತಲೆಯಾಡಿಸಿ ಫೋನ್ ಎತ್ತಿಕೊಂಡರು. “ಎಮ್ಮೆ ಈಯಿತಾ ಅಕ್ಕಾ?”

“ಹೂಂ, ಹೆಣ್ಣು ಕರು.”

“ಹಾಗಾದ್ರೆ ಇನ್ನು ನಿದ್ದೆಗೆಡೋ ಕೆಲಸ ಇಲ್ಲ ನಿನಗೆ.”

“ಇಲ್ಲ,” ಎಂದಳು. ಆಮೇಲೆ, “ಆದ್ರೂ ಫೋನ್ ಇಟ್ಕೊ. ಆ ಯಂತ್ರದ ಸದ್ದು ಹೇಗಿರತ್ತೋ ಕೇಳೋಣ.”

ಹೊರಗೆ ಬಂದಾಗ ಬಾಗಿಲಲ್ಲಿ ಜವಾನ ಯಾರನ್ನೋ ತಡೆದು ನಿಲ್ಲಿಸಿದ್ದ. ಮಾಸಿದ ಅಂಗಿಯ ನಡುವಯಸ್ಸಿನವನು, ಕೈಯಲ್ಲಿ ಚೀಟಿ.

“ಜೊತೇಲಿ ಯಾರೂ ಇಲ್ವಂತೆ ಸಾರ್. ವಾಪಸು ಕಳಿಸ್ತಿದೀನಿ,” ಎಂದ ಜವಾನ.

ಅವರು ಆ ಮನುಷ್ಯನತ್ತ ತಿರುಗಿದರು. “ನಿಮ್ಮ ಹತ್ರ ಫೋನ್ ಇದೆಯಾ?”

“ಇದೆ ಸ್ವಾಮಿ,” ಎಂದು ಅವನು ಜೇಬಿನಿಂದ ತೆಗೆದು ಕೈಯಲ್ಲಿ ಹಿಡಿದು ನಿಂತ. “ಯಾರಿಗೆ ಮಾಡ್ಲಿ?”

ಅವರು ಬಾಗಿಲನ್ನು ಪೂರ್ತಿ ತೆಗೆದು, ಅವನು ಒಳಗೆ ಹೋಗುವವರೆಗೂ ಹಿಡಿದುಕೊಂಡೇ ನಿಂತರು.