ಬೀರುವಿನಲ್ಲಿ ಎರಡು ಸ್ವೆಟರ್

ಬೀರುವಿನ ಬಾಗಿಲು ಸರಿಯಾಗಿ ಮುಚ್ಚದೆ ಆಗಲೇ ಒಂದು ತಿಂಗಳಾಗಿತ್ತು. ಗಂಡ ಅದಕ್ಕೊಂದು ಕುರ್ಚಿ ಆನಿಸಿಟ್ಟು, ಸಮಸ್ಯೆ ಬಗೆಹರಿಯಿತೆಂದು ಕೈತೊಳೆದುಕೊಂಡಿದ್ದ. ಊರಿನ ಲಿಫ್ಟುಗಳನ್ನೆಲ್ಲ ರಿಪೇರಿ ಮಾಡುವವನಿಗೆ ಮನೆಯ ಬೀರು ಕಣ್ಣಿಗೆ ಬೀಳುವುದುಂಟೇ? ಆ ಭಾನುವಾರ ಅವನು ತುರ್ತು ಕರೆಯೊಂದರ ಮೇಲೆ ಹೊರಟ ನಂತರ, ಇದನ್ನು ಇವತ್ತು ಒಂದು ದಾರಿಗೆ ತರದೆ ಬಿಡುವುದಿಲ್ಲ ಎಂದು ಅವಳು ತೋಳೇರಿಸಿದಳು.

ಅದೇನು ಅರಮನೆಯ ಬೀರುವಲ್ಲ. ಮೂರು ಅರೆ, ಬಟ್ಟೆ ನೇತುಹಾಕಲು ಒಂದು ಸರಳು, ತಳದಲ್ಲೊಂದು ಡ್ರಾಯರ್. ಇಬ್ಬರ ಬಟ್ಟೆಬರೆಯೆಲ್ಲ ಅಷ್ಟರಲ್ಲೇ ಅಡಗಬೇಕು. ಎಲ್ಲವನ್ನೂ ಹಾಸಿಗೆಯ ಮೇಲೆ ಸುರಿದು ಮೂರು ಗುಡ್ಡೆ ಮಾಡಿದಳು: ದಿನಬಳಕೆಯವು ಒಂದು, ಅಪರೂಪಕ್ಕೆ ತೊಡುವವು ಇನ್ನೊಂದು, ತಾನು ಮತ್ತೆ ತೆಳ್ಳಗಾದರೆ ಬೇಕಾದೀತು ಎಂದಿಟ್ಟವು ಮೂರನೆಯದು. ಮೂರನೆಯ ಗುಡ್ಡೆಯೇ ಎಲ್ಲಕ್ಕಿಂತ ಎತ್ತರವಾಯಿತು. ಗಂಡನ ಕಾಲುಚೀಲಗಳಲ್ಲಿ ಐದು ಜೋಡಿ ಸಿಕ್ಕವು, ಉಳಿದವು ಬ್ರಹ್ಮಚಾರಿಗಳು.

ಕೊನೆಗೆ ಡ್ರಾಯರ್ ಅರ್ಧಕ್ಕೆ ಬಂದು ಸಿಕ್ಕಿಕೊಂಡಿತು. ಜಗ್ಗಿದರೂ ಬರಲಿಲ್ಲ. ಗೋಡೆಗೆ ಕಾಲು ಕೊಟ್ಟು ಎಳೆದಾಗ ಇಡಿಯಾಗಿ ಕೈಗೆ ಬಂತು. ಆ ಖಾಲಿ ಜಾಗದಲ್ಲಿ, ಹಿಂದಿನ ಹಲಗೆಗೆ ಒತ್ತಿಕೊಂಡು, ನೀಲಿ ಬಣ್ಣದ್ದೇನೋ ಮುದುಡಿ ಬಿದ್ದಿತ್ತು. ಕೈಹಾಕಿ ಎಳೆದಳು. ಧೂಳು ಹಿಡಿದ ಉಣ್ಣೆಯ ಸ್ವೆಟರ್. ಮೇಲಿನಿಂದ ಎರಡನೆಯ ಗುಂಡಿಗೆ ಕಪ್ಪು ದಾರ. ನೀಲಿ ದಾರ ಸಿಗದೆ ಅವಳೇ ಹೊಲಿದದ್ದು.

ಅವಳು ತಿರುಗಿ ಹಾಸಿಗೆಯತ್ತ ನೋಡಿದಳು. ಏಕೆಂದರೆ ಅವಳ ನೀಲಿ ಸ್ವೆಟರ್ ಹಾಸಿಗೆಯ ಮೇಲೆ, ಎರಡನೆಯ ಗುಡ್ಡೆಯಲ್ಲಿತ್ತು. ಈಗಷ್ಟೇ ಮಡಚಿ ಇಟ್ಟಿದ್ದಳು.

ಹಿಂದಿನ ಚಳಿಗಾಲದಲ್ಲಿ ಗಂಡನ ಅಕ್ಕ ಇವರ ಮನೆಗೆ ಬಂದಿದ್ದರು. ಅವರಿದ್ದ ಹಳೆಯ ಕಟ್ಟಡವನ್ನು ಕೆಡವುತ್ತಿದ್ದರು. ಬೇರೆ ಕೋಣೆ ಸಿಗುವವರೆಗೆ ಇರಲಿ ಎಂದು ತಮ್ಮನೇ ಕರೆತಂದಿದ್ದ. ಅತ್ತಿಗೆಯದು ಮಿತಭಾಷೆ. ಸಮವಸ್ತ್ರ ಹೊಲಿಯುವ ಕಾರ್ಖಾನೆಯಲ್ಲಿ ಕೆಲಸ. ಅವರ ಬಟ್ಟೆಗೆಂದು ಅವಳು ಬೀರುವಿನಲ್ಲಿ ಅರ್ಧ ಅರೆ ತೆರವು ಮಾಡಿದ್ದಳು. ಅರ್ಧ ಅರೆ ಕೊಟ್ಟು, ಮನೆಯನ್ನೇ ಬರೆದುಕೊಟ್ಟವಳ ಹಾಗೆ ಓಡಾಡಿದ್ದಳು.

ಒಂದು ಬೆಳಿಗ್ಗೆ ನೀಲಿ ಸ್ವೆಟರ್ ಕಾಣಲಿಲ್ಲ. ಹಿಂದಿನ ವಾರವಷ್ಟೇ ಅತ್ತಿಗೆ ಅದರ ತೋಳು ಮುಟ್ಟಿ, ಎಷ್ಟು ಮೆತ್ತಗಿದೆ ಎಂದಿದ್ದರು. ಅವಳಿಗೆ ಅಷ್ಟೇ ಸಾಕಾಯಿತು. ಅಡುಗೆಮನೆಯಲ್ಲಿ ಅತ್ತಿಗೆ ಇದ್ದಾರೆಂದು ಗೊತ್ತಿದ್ದೇ ಗಂಡನೊಡನೆ ಗಟ್ಟಿಯಾಗಿ ಹೇಳಿದಳು: "ಮನೇಲಿರೋದು ಮೂರು ಜನ. ನಾನು ಎಲ್ಲೂ ಇಟ್ಟಿಲ್ಲ. ನೀವು ಅದನ್ನ ಹಾಕ್ಕೊಳ್ಳಲ್ಲ." ಉಳಿದ ಲೆಕ್ಕವನ್ನು ಅವನಿಗೇ ಬಿಟ್ಟಳು.

ಗಂಡ ರೇಗಾಡಿದ. ಇಬ್ಬರ ನಡುವೆ ಮಾತು ನಿಂತಿತು. ಅವನು ಎರಡು ದಿನ ಮನೆಯಲ್ಲಿ ಊಟ ಮಾಡಲಿಲ್ಲ. ಮೂರನೆಯ ದಿನ ತಲೆ ತಗ್ಗಿಸಿಕೊಂಡು ಅಕ್ಕನನ್ನೇ ಕೇಳಿದ. ನಾನು ತಗೊಂಡಿಲ್ಲಪ್ಪ ಎಂದರು ಅವರು, ಮತ್ತೆ ತುಟಿ ಪಿಟಕ್ಕೆನ್ನಲಿಲ್ಲ. ಆದರೆ ವಾರ ಕಳೆಯುವುದರೊಳಗೆ ಸ್ವೆಟರ್ ಮೇಲಿನ ಅರೆಯಲ್ಲಿ ಅಚ್ಚುಕಟ್ಟಾಗಿ ಮಡಚಿ ಕೂತಿತ್ತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತಲ್ಲ ಎಂದು ಅವಳು ಒಳಗೊಳಗೇ ಗೆದ್ದಳು. ಗಂಡನೂ ನೋಡಿದ. ಮುಂದಿನ ವಾರ ಅತ್ತಿಗೆ ಎಲ್ಲೋ ಕೋಣೆ ಹುಡುಕಿಕೊಂಡು ಹೊರಟುಹೋದರು. ಅಂದಿನಿಂದ ಅವನು ಅಕ್ಕನ ಮನೆಗೆ ಕಾಲಿಟ್ಟಿರಲಿಲ್ಲ. ಅಪರೂಪಕ್ಕೆ ಫೋನು, ಚೆನ್ನಾಗಿದ್ದೀಯಾ, ಹೂಂ, ಅಷ್ಟೇ.

ಆ ಸ್ವೆಟರಿನ ತೋಳು ತುಸು ಉದ್ದವಾಗಿದೆ ಎಂದು ಅವಳಿಗೆ ಅನ್ನಿಸದೆ ಇರಲಿಲ್ಲ. ಬೇರೆಯವರ ಮೈಗೇರಿ ಬಂದದ್ದು ಹಿಗ್ಗದೆ ಇರುತ್ತದೆಯೇ ಎಂದು ಪಕ್ಕದ ಮನೆಯವಳ ಹತ್ತಿರ ಆಡಿಕೊಂಡು ನಕ್ಕೂ ಇದ್ದಳು. ಕಪ್ಪು ದಾರದ ಗುಂಡಿ ಎಲ್ಲಿ ಹೋಯಿತು ಎಂದು ಮಾತ್ರ ನೋಡಿರಲಿಲ್ಲ. ಅವಳ ಕೆಲಸ ಕನ್ನಡಕದ ಅಂಗಡಿಯಲ್ಲಿ. ದಿನಕ್ಕೆ ಇಪ್ಪತ್ತು ಜನರ ದೃಷ್ಟಿ ತಿದ್ದುವವಳು.

ಮೊದಲು ಅವಳು ಮಾಡಿದ್ದು ಹೇಳಿಕೊಳ್ಳುವಂಥದ್ದಲ್ಲ. ಸ್ವೆಟರನ್ನು ಇದ್ದಲ್ಲಿಗೇ ತುರುಕಿ ಡ್ರಾಯರ್ ಜೋಡಿಸಿಬಿಟ್ಟಳು. ಗಂಡ ಬಂದು, ಬಾಗಿಲು ಮುಚ್ಚಿದ್ದನ್ನು ನೋಡಿ ಭೇಷ್ ಎಂದ. ಅವಳು ಬಿಸಿತುಪ್ಪ ಬಾಯಲ್ಲಿಟ್ಟುಕೊಂಡವಳಂತೆ ಊಟ ಬಡಿಸಿದಳು. ಸೋಮವಾರ ಅಂಗಡಿಯಲ್ಲಿ ಒಬ್ಬ ಮುದುಕನಿಗೆ ಬೇರೆಯವರ ಕನ್ನಡಕ ಕೊಟ್ಟು ಬೈಸಿಕೊಂಡಳು. ಮಂಗಳವಾರ ಮಧ್ಯಾಹ್ನ ರಜೆ ಹಾಕಿ, ಹಳೆಯ ಸ್ವೆಟರನ್ನು ಚೀಲದಲ್ಲಿ ಹಾಕಿಕೊಂಡು ಸಮವಸ್ತ್ರದ ಕಾರ್ಖಾನೆಗೆ ಹೋದಳು.

ಊಟದ ವಿರಾಮ. ಹಿಂಬದಿಯ ಮೆಟ್ಟಿಲ ಪಕ್ಕ, ಬಟ್ಟೆಯ ಸುರುಳಿಗಳ ನಡುವಿನ ಬೆಂಚಿನ ಮೇಲೆ ಅತ್ತಿಗೆ ಒಬ್ಬರೇ ಕೂತಿದ್ದರು. ಅವಳನ್ನು ಕಂಡು ಗಾಬರಿಯಿಂದ ಎದ್ದು, ತಮ್ಮ ಹುಷಾರಾಗಿದ್ದಾನೆ ತಾನೇ ಎಂದರು. ಅವಳು ಹೌದೆಂದು ತಲೆಯಾಡಿಸಿ, ಸ್ವೆಟರ್ ತೆಗೆದು ಬೆಂಚಿನ ಮೇಲಿಟ್ಟಳು. ಅತ್ತಿಗೆಯ ಬೆರಳು ತಾನಾಗಿ ಕಪ್ಪು ದಾರದ ಗುಂಡಿಯ ಮೇಲೆ ನಿಂತಿತು. ಹೊಲಿಗೆಯವರ ಕಣ್ಣು.

"ಸಿಕ್ತಾ?"

"ಡ್ರಾಯರ್ ಹಿಂದೆ ಬಿದ್ದಿತ್ತು."

"ಹೂಂ," ಎಂದು ಅವರು ಮತ್ತೆ ಕೂತರು.

ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತನ್ನೆಲ್ಲ ಅವಳು ಬದಿಗಿಟ್ಟಳು. ತಗೊಂಡಿಲ್ಲ ಅಂದಮೇಲೆ ಹೊಸದೇಕೆ ತಂದಿಟ್ಟಿರಿ ಎಂದಷ್ಟೇ ಕೇಳಿದಳು.

"ಒಂದು ಸಲ ಹೇಳಿದ್ದು ನಂಬದೋರು ಹತ್ತು ಸಲ ಹೇಳಿದ್ರೆ ನಂಬ್ತಾರಾ?" ಎಂದರು ಅತ್ತಿಗೆ. ದನಿಯಲ್ಲಿ ಸಿಟ್ಟಿರಲಿಲ್ಲ. "ನೀವಿಬ್ರೂ ಮಾತು ಬಿಟ್ಟಿದ್ರಿ. ಅವನು ಊಟ ಬಿಟ್ಟಿದ್ದ. ಒಂದು ಸ್ವೆಟರಿಂದ ಮುಗಿಯೋ ಜಗಳ ಆದ್ರೆ ಮುಗೀಲಿ ಅಂತ ನಾಲ್ಕು ಅಂಗಡಿ ತಿರುಗಿ ತಂದೆ. ನಿನ್ನ ಅಳತೇದು ಇರ್ಲಿಲ್ಲ, ಒಂದು ಸೈಜು ದೊಡ್ಡದು ಸಿಕ್ತು."

"ಹಾಗೆ ತಂದಿಟ್ರೆ ಕದ್ದೋರು ವಾಪಸ್ ಇಟ್ಟ ಹಾಗೆ ಕಾಣುತ್ತೆ ಅಂತ ಹೊಳೀಲಿಲ್ವಾ?"

"ಹೊಳೀತು. ಆಮೇಲೆ. ಅವನ ಮುಖ ನೋಡಿದಾಗ."

ಅವಳು ಅತ್ತಳು. ಅತ್ತಿಗೆ ಸಮಾಧಾನ ಮಾಡಲಿಲ್ಲ, ಬೈಯಲೂ ಇಲ್ಲ. ಅತ್ತು ಮುಗಿಯುವವರೆಗೆ ಕಾದು, ತಮ್ಮನಿಗೆ ಹೇಳಿದೆಯಾ ಎಂದು ಕೇಳಿದರು. ಅವಳು ಇಲ್ಲವೆಂದು ತಲೆಯಾಡಿಸಿದಳು. ಇಲ್ಲಿ ಕ್ಷಮೆ ಸಿಕ್ಕಿಬಿಟ್ಟರೆ ಅಲ್ಲಿ ಹೇಳುವ ಅಗತ್ಯವೇ ಬೀಳದು ಎಂಬ ಆಸೆಯೊಂದು ಅವಳ ಮನಸ್ಸಿನ ಮೂಲೆಯಲ್ಲಿತ್ತು. ಅತ್ತಿಗೆಗೆ ಅದೂ ಕಂಡಿರಬೇಕು.

"ನನಗೆ ಹೇಳೋದೇನು ದೊಡ್ಡದಲ್ಲ. ನಾನು ಕದ್ದಿಲ್ಲ ಅಂತ ನನಗೆ ಗೊತ್ತೇ ಇತ್ತು. ಗೊತ್ತಿಲ್ದೇ ಇರೋನು ಅವನು. ಅವನಿಗೆ ಹೇಳು."

ಗಂಟೆ ಹೊಡೆಯಿತು. ಅತ್ತಿಗೆ ಊಟದ ಡಬ್ಬಿ ಮುಚ್ಚಿಕೊಂಡು ಒಳಗೆ ಹೋದರು.

ಸಂಜೆ ಗಂಡ ಕೈಯ ಗ್ರೀಸು ತೊಳೆಯುತ್ತಿದ್ದಾಗ, ಅವನ ಬೆನ್ನಿಗೇ ಎಲ್ಲವನ್ನೂ ಹೇಳಿದಳು. ಮುಖ ನೋಡಿ ಹೇಳುವ ಧೈರ್ಯವಿರಲಿಲ್ಲ. ಅವನು ನಲ್ಲಿ ನಿಲ್ಲಿಸಿ, ಯಾವತ್ತು ಸಿಕ್ಕಿತು ಎಂದು ಕೇಳಿದ. ಭಾನುವಾರ ಎಂದಳು. ಅವನು ಮನಸ್ಸಿನಲ್ಲೇ ದಿನ ಎಣಿಸಿದ್ದು ಅವಳಿಗೆ ತಿಳಿಯಿತು. ಕೂಗಾಡಿದ್ದರೆ ಎಷ್ಟೋ ವಾಸಿಯಿತ್ತು.

"ನೀನು ಬಿಡು, ಹೊರಗಿನಿಂದ ಬಂದೋಳು," ಎಂದ. "ನನ್ನನ್ನ ಎತ್ತಿ ಆಡಿಸಿದೋಳು ಅವಳು. ನಾನೂ ನಂಬಿಬಿಟ್ನಲ್ಲ."

ಒದ್ದೆ ಕೈಯಲ್ಲೇ ಬೂಟು ಹಾಕಿಕೊಂಡು ಹೊರಟ. ಅವಳು ತಾನೂ ಬರಲೇ ಎಂದು ಕೇಳಲಿಲ್ಲ. ಎರಡು ಗಂಟೆಗಳ ನಂತರ ವಾಪಸಾದಾಗ ಅವನ ಕಣ್ಣು ಊದಿತ್ತು. ಅಕ್ಕ ಊಟ ಹಾಕಿದಳು ಎಂದಷ್ಟೇ ಹೇಳಿದ. ಅವಳೊಡನೆ ಮೊದಲಿನಂತೆ ಮಾತಾಡಲು ಅವನಿಗೆ ಎಷ್ಟೋ ವಾರ ಹಿಡಿಯಿತು. ಪಕ್ಕದ ಮನೆಯವಳಿಗೂ ಅವಳು ನಿಜ ಹೇಳಿದಳು. ಆಡಿಕೊಂಡಾಗ ಬಂದಿದ್ದ ನಗು ಅಂದು ಇಬ್ಬರಿಗೂ ಬರಲಿಲ್ಲ.

ಈಗ ಅತ್ತಿಗೆ ತಿಂಗಳಿಗೊಮ್ಮೆ ಬರುತ್ತಾರೆ. ಈರುಳ್ಳಿ ಹೆಚ್ಚಿಕೊಡುತ್ತಾರೆ, ತಮ್ಮನ ಚಿಕ್ಕಂದಿನ ಪೆದ್ದುತನಗಳನ್ನು ಹೇಳಿ ನಗಿಸುತ್ತಾರೆ. ಬೀರು ಇರುವ ಕೋಣೆಗೆ ಮಾತ್ರ ಕಾಲಿಡುವುದಿಲ್ಲ. ಕಳೆದ ಸಲ ಪಾತ್ರೆ ತೊಳೆಯುವಾಗ ನೀರು ಸಿಡಿದು ಅವರ ಮೈಯೆಲ್ಲ ತೊಯ್ದಿತು. ಬೀರುವಿನಿಂದ ಯಾವುದು ಬೇಕೋ ತೆಗೆದು ಹಾಕಿಕೊಳ್ಳಿ ಅತ್ತಿಗೆ ಎಂದು ಅವಳು ಎರಡೆರಡು ಸಲ ಹೇಳಿದಳು.

"ಇರ್ಲಿ ಬಿಡು, ಒಣಗುತ್ತೆ," ಎಂದು ಅವರು ಕಿಟಕಿಯ ಬಿಸಿಲಿಗೆ ಕುರ್ಚಿ ಎಳೆದುಕೊಂಡು ಕೂತರು. ಅವಳು ಒಂದು ಟವೆಲ್ ತಂದುಕೊಟ್ಟಳು. ಅದನ್ನು ತೆಗೆದುಕೊಂಡರು.