ನೀಲಿ ಲಕೋಟೆ

ಸಿಯೋನೆ ಸತ್ತ ಸುದ್ದಿಯನ್ನು ಭಾಗ್ಯಶ್ರೀ ಕೇಳಿದ್ದು ಚಹಾದ ವಿರಾಮದಲ್ಲಿ, ಕೈಯಲ್ಲೊಂದು ಕರಿಪಫ್ ಹಿಡಿದುಕೊಂಡು. ಕೇಳಿದ ಮೇಲೆ ಅವಳು ಅದನ್ನು ಪೂರ್ತಿ ತಿಂದಳು, ಬೆರಳಿಗೆ ಅಂಟಿದ ಪುಡಿಯನ್ನೂ ಟಿಶ್ಯೂನಲ್ಲಿ ಒರೆಸಿಕೊಂಡಳು. ಆಮೇಲೆ ಇದನ್ನು ನೆನೆಸಿಕೊಂಡು ಅವಳಿಗೆ ತನ್ನ ಮೇಲೇ ಅಸಹ್ಯವಾಯಿತು. ಆ ಹೊತ್ತಿಗೆ ಮಾತ್ರ ಏನೂ ಆಗಲಿಲ್ಲ.

ಹೇಳಿದವಳು ಲಿತಿಯಾ, ಪೆಸಿಫಿಕ್ ನಡುವಿನ ಪುಟ್ಟ ದ್ವೀಪರಾಷ್ಟ್ರವೊಂದರ ವಿಪತ್ತು ನಿರ್ವಹಣಾ ಕಚೇರಿಯವಳು. ಸಿಯೋನೆ ಅಲ್ಲಿ ಅವಳ ಮೇಲಧಿಕಾರಿ. ಈಗ ಅವನ ಕುರ್ಚಿ ಅವಳದು. ಎರಡು ವರ್ಷದ ಹಿಂದೆ ಅವನೂ ಅವಳ ಹಾಗೆಯೇ ಸಿಂಗಾಪುರದ ಚಾಂಗಿ ಹತ್ತಿರದ ಇದೇ ತರಬೇತಿ ಕೇಂದ್ರಕ್ಕೆ ಬಂದು, ಭಾಗ್ಯಶ್ರೀ ಕಲಿಸುವ ಐದು ದಿನದ ಸುನಾಮಿ ಎಚ್ಚರಿಕೆಯ ಕೋರ್ಸು ಮಾಡಿದ್ದ. ಇಪ್ಪತ್ನಾಲ್ಕು ಮಂದಿಯಲ್ಲಿ ಅವನೇ ಮೊದಲಿಗ. ಕೊನೆಯ ದಿನ ಟ್ಯಾಂಪಿನೀಸ್‌ನ ಅವಳ ಮನೆಗೆ ಊಟಕ್ಕೆ ಬಂದು, ನಾಲ್ಕು ಜೋಳದ ರೊಟ್ಟಿ ತಿಂದು, ಶೇಂಗಾ ಚಟ್ನಿಪುಡಿಯ ಬಾಟಲಿಯನ್ನು ನಾಚಿಕೆಯಿಲ್ಲದೆ ಕೇಳಿ ಇಸಿದುಕೊಂಡು ಹೋಗಿದ್ದ.

"ಆ ಬಾಟಲಿಯಲ್ಲಿ ಪೆನ್ನು ಇಟ್ಟುಕೊಂಡಿದ್ದ" ಎಂದಳು ಲಿತಿಯಾ.

ನಾಲ್ಕು ತಿಂಗಳ ಹಿಂದೆ ಭೂಮಿ ನಡುಗಿದ್ದು ದೂರದ ಸಮುದ್ರದ ತಳದಲ್ಲಿ. ಅವರ ಊರಿನಲ್ಲಿ ಕಪ್ಪುಬಸಿಯೂ ಅಲುಗಲಿಲ್ಲ. ಮೊದಲ ಸಂದೇಶ ಬಂತು: ಎಚ್ಚರವಾಗಿರಿ, ಖಚಿತ ಮಾಹಿತಿ ಬರಲಿದೆ. ಆಮೇಲೆ ಫೋನು, ಇಂಟರ್ನೆಟ್ಟು ಎರಡೂ ಸತ್ತವು. ಸಿಯೋನೆ ಚರ್ಚಿನ ಗಂಟೆಯ ಹಗ್ಗ ಹಿಡಿದು ನಿಂತ. ಲಿತಿಯಾ ಪಕ್ಕದಲ್ಲಿದ್ದಳು.

"ಎಳೆಯಲಾ ಎಂದು ಎರಡು ಸಲ ಕೇಳಿದೆ. ತಾಳು, ಎರಡನೆಯ ಸಂದೇಶ ಬರುತ್ತದೆ, ಸಿಂಗಾಪುರದಲ್ಲಿ ಹೇಳಿಕೊಟ್ಟಿದ್ದಾರೆ ಎಂದ. ಶಾಲೆಯ ಮಕ್ಕಳನ್ನು ಗುಡ್ಡ ಹತ್ತಿಸು ಎಂದು ನನ್ನನ್ನು ಕಳಿಸಿದ. ಗಂಟೆ ಕೇಳಿದ್ದು ಇಪ್ಪತ್ತಾರು ನಿಮಿಷದ ನಂತರ. ಆಗ ನೀರು ರಸ್ತೆಗೆ ಬಂದಿತ್ತು. ಹದಿನಾಲ್ಕು ಜನ ಹೋದರು, ಅವನೂ ಸೇರಿ ಹದಿನೈದು."

ಅವಳ ದನಿಯಲ್ಲಿ ದೂರಿರಲಿಲ್ಲ. ಊರಿನ ವಿಷಯ ಕೇಳಿದವರಿಗೆ ಹೇಳುವ ಹಾಗೆ ಹೇಳಿದಳು. ಭಾಗ್ಯಶ್ರೀ "ಹೌದಾ" ಎಂದಳು. "ನಿಮ್ಮ ಲ್ಯಾಪ್‌ಟಾಪಿಗೆ ಅಡಾಪ್ಟರ್ ಬೇಕೇ?" ಎಂದು ಕೇಳಿದಳು. ಆ ಸುನಾಮಿಯ ಸುದ್ದಿಯನ್ನು ಅವಳು ಎಂಆರ್‌ಟಿ ರೈಲಿನಲ್ಲಿ ನಿಂತುಕೊಂಡೇ ಓದಿದ್ದಳು. ಹದಿನೈದು ಸಾವು ಎಂದಿತ್ತು. ಕಡಿಮೆಯೇ ಎಂದುಕೊಂಡು ಬೆರಳಿನಿಂದ ಮುಂದಕ್ಕೆ ತಳ್ಳಿದ್ದಳು.

ಈ ತರಬೇತಿಗಳ ಲೋಕವೇ ಒಂದು ಚೆಂದ. ಕೊರಳಿಗೊಂದು ಬ್ಯಾಡ್ಜು, ಹೆಗಲಿಗೊಂದು ಬಟ್ಟೆಚೀಲ, ಕೊನೆಗೆ ನಗುಮೊಗಕ್ಕೆ ಗುರುತು ಹಾಕುವ ಅಭಿಪ್ರಾಯದ ಹಾಳೆ. ಮುಳುಗುವ ದ್ವೀಪಗಳ ಜನ ಏಸಿಯ ಚಳಿಗೆ ಜಾಕೆಟ್ ಹಾಕಿಕೊಂಡು ಕೂತು ಮುಳುಗದಿರುವುದನ್ನು ಕಲಿಯುತ್ತಾರೆ. ಭಾಗ್ಯಶ್ರೀ ಇದನ್ನು ಏಳು ವರ್ಷದಿಂದ ಮನಸ್ಸಿಟ್ಟು ಕಲಿಸುತ್ತಿದ್ದಳು, ಅದರಲ್ಲಿ ಸುಳ್ಳಿಲ್ಲ. ಕೊನೆಯ ದಿನದ ಅಣಕು ಕಾರ್ಯಾಚರಣೆ ಅವಳದೇ ಕಲ್ಪನೆ. ಹನ್ನೊಂದಕ್ಕೆ ಮೇಜು ಮೇಜಿಗೂ ಹಳದಿ ಲಕೋಟೆ ಕೊಡುತ್ತಾಳೆ, ಅದರಲ್ಲಿ ಮುನ್ಸೂಚನೆ. ಸರಿಯಾಗಿ ಹತ್ತು ನಿಮಿಷಕ್ಕೆ ನೀಲಿ ಲಕೋಟೆ, ಅದರಲ್ಲಿ ಖಚಿತ ಎಚ್ಚರಿಕೆ. ನೀಲಿ ಬಂದ ಮೇಲೆ ಮಾತ್ರ ಕಲಿಯಲು ಬಂದವರು, ಅವಳು ತನ್ನೂರ ಕಡೆಯ ಬೈಲಹೊಂಗಲದ ಪೇಟೆಯಿಂದ ತಂದಿಟ್ಟ ಹಿತ್ತಾಳೆ ಗಂಟೆಯನ್ನು ಹೊಡೆಯಬೇಕು. ನಿಯಮಕ್ಕೆ ಕಾರಣವೂ ಇತ್ತು. ಹಿಂದೊಮ್ಮೆ ಬೇರೊಂದು ದ್ವೀಪದಲ್ಲಿ ಸುಳ್ಳು ಸುದ್ದಿಗೆ ಜನ ಓಡಿ, ಕಾಲ್ತುಳಿತಕ್ಕೆ ಒಬ್ಬ ಮುದುಕಿ ಸತ್ತಿದ್ದಳು.

ಆದರೆ ನೀಲಿ ಲಕೋಟೆ ಬಾರದಿದ್ದರೆ ಏನು ಮಾಡಬೇಕೆಂದು ಅವಳು ಏಳು ವರ್ಷದಲ್ಲಿ ಒಂದು ಸಲವೂ ಹೇಳಿರಲಿಲ್ಲ. ಬಾರದೆ ಇದ್ದದ್ದೇ ಇಲ್ಲವಲ್ಲ. ಬಸ್ಸಿಗಾಗಿ ಅರ್ಧ ದಿನ ಕಾಯುತ್ತಿದ್ದ ಊರಿನಲ್ಲಿ ಹುಟ್ಟಿದವಳು, ಮೂರು ನಿಮಿಷ ಎಂದರೆ ಮೂರೇ ನಿಮಿಷಕ್ಕೆ ಬಸ್ಸು ಬರುವ ಊರಿನಲ್ಲಿ ಹನ್ನೆರಡು ವರ್ಷ ಇದ್ದು, ಕಾದದ್ದು ಬಾರದೆಯೂ ಇರಬಹುದೆಂಬುದನ್ನು ಮರೆತೇಬಿಟ್ಟಿದ್ದಳು.

ಸಂಜೆ ನವನೀತ್ ಅವಳ ಮೇಜಿನ ಹತ್ತಿರ ಬಂದ. ಮೈಸೂರಿನ ಹುಡುಗ, ಕೋರ್ಸಿನ ವ್ಯವಸ್ಥೆಯೆಲ್ಲ ಅವನದೇ.

"ಮೇಡಂ, ನಾಳೆ ಫಂಡ್ ಕೊಡೋರು ಹನ್ನೊಂದೂವರೆಗೆ ಬರ್ತಾರೆ. ಅಷ್ಟೊತ್ತಿಗೆ ಎಕ್ಸರ್‌ಸೈಜ್ ಮುಗಿದಿರ್ಬೇಕು, ಫೋಟೋ ಫಿಕ್ಸ್ ಆಗಿದೆ."

"ನವನೀತ್, ಸಿಯೋನೆ ನೆನಪಿದಾನಾ?"

"ಜೋರಾಗಿ ನಗ್ತಿದ್ರಲ್ಲ, ಅವರಾ? ನಮ್ಮ ಬ್ರೋಷರ್‌ನಲ್ಲೇ ಇದಾರಲ್ಲ ಮೇಡಂ."

ಇದ್ದ. ಎರಡನೆಯ ಪುಟದಲ್ಲಿ, ಗಂಟೆ ಕೈಯಲ್ಲಿ ಹಿಡಿದು ನಗುತ್ತ. ಕೆಳಗೆ ಅವನ ಮಾತು: ಗಂಟೆಯನ್ನು ಯಾವಾಗ ಹೊಡೆಯಬಾರದು ಎಂಬುದನ್ನು ನಾನು ಇಲ್ಲಿ ಕಲಿತೆ. ಅದನ್ನು ಆರಿಸಿ ಹಾಕಿಸಿದವಳು ಭಾಗ್ಯಶ್ರೀಯೇ. ಅವಳು ಎರಡು ಸಲ ಓದಿದಳು. ಕಣ್ಣು ಒಣಗಿಯೇ ಇತ್ತು.

ಮನೆಯಲ್ಲಿ ಪ್ರಭುದೇವ ಅನ್ನಕ್ಕಿಟ್ಟು ಕಾಯುತ್ತಿದ್ದ. ಒನ್-ನಾರ್ತ್‌ನ ಆಫೀಸಿನಿಂದ ಅವನೇ ಮೊದಲು ಬಂದು ಮುಟ್ಟುತ್ತಿದ್ದ, ಹಾಗಾಗಿ ಸಂಜೆಯ ಕುಕ್ಕರು ಗಂಡನ ಪಾಲಿಗೆ.

"ಸಿಯೋನೆ ತೀರಿಕೊಂಡಾನ" ಎಂದಳು, ತಟ್ಟೆಗೆ ಬಡಿಸಿಕೊಳ್ಳುತ್ತ.

"ಯಾರು, ನಾಕು ರೊಟ್ಟಿ ತಿಂದಾವಾ? ಹೆಂಗ?"

"ನಾ ಕಲಿಸಿದ್ದು ಚೊಲೋತ್ನ್ಯಾಗ ಕಲ್ತಿದ್ದ."

ಎಲ್ಲ ಹೇಳಿದಳು. ಪ್ರಭುದೇವ ಕೈತುತ್ತು ಹಾಗೇ ಹಿಡಿದು ಕೇಳಿದ. "ಮೆಸೇಜ್ ಬರಲಿಲ್ಲಂದ್ರ ನೀ ಏನ್ ಮಾಡ್ತಿ? ಸಮುದ್ರ ನಿನ್ನ ಮಾತು ಕೇಳ್ತೈತೇನು?"

"ಬರದಿದ್ರ ಏನ್ ಮಾಡಬೇಕಂತ ನಾ ಹೇಳಿರಲಿಲ್ಲ."

"ಹಂಗಾದ್ರ ನಾಳೆ ಹೇಳು."

"ಹೇಳಿದ್ರ, ಏಳು ವರ್ಷ ತಪ್ಪು ಕಲಿಸೇನಿ ಅಂತ ಮಂದಿ ಮುಂದ ಒಪ್ಪಿಕೊಂಡಂಗ. ಫಂಡ್ ಕೊಡೋರೂ ಇರ್ತಾರ. ಕೆಲಸಾನೂ ಹೋಗಬಹುದು."

ಅವಳು ಎರಡನೆಯ ಸಲ ಅನ್ನ ಹಾಕಿಸಿಕೊಂಡಳು. ಅಳು ಬರಲಿ ಎಂದು ಸಿಯೋನೆಯ ನಗುವನ್ನು ನೆನೆಸಿಕೊಂಡಳು, ರೊಟ್ಟಿ ಮುರಿಯಲು ಬಾರದೆ ಅವನು ಮಾಡಿದ ಫಜೀತಿಯನ್ನು ನೆನೆಸಿಕೊಂಡಳು. ಬೇರೆ ಯಾರದೋ ಮನೆಯ ಆಲ್ಬಮ್ ತಿರುವಿದಂತಾಯಿತೇ ಹೊರತು ಬೇರೇನೂ ಆಗಲಿಲ್ಲ.

ಮರುದಿನ ಹನ್ನೊಂದಕ್ಕೆ ಅವಳು ಹಳದಿ ಲಕೋಟೆಗಳನ್ನು ಹಂಚಿದಳು. ಆರು ಮೇಜು, ಎಂಟು ದ್ವೀಪರಾಷ್ಟ್ರಗಳ ಇಪ್ಪತ್ನಾಲ್ಕು ಜನ. ಓದಿದರು, ನಕ್ಷೆ ಬಿಚ್ಚಿದರು, ಗುರುತು ಹಾಕಿದರು. ಹತ್ತು ನಿಮಿಷವಾಯಿತು. ಆರು ನೀಲಿ ಲಕೋಟೆಗಳು ಅವಳ ಕೈಚೀಲದಲ್ಲಿದ್ದವು. ಕೈ ಚೀಲದೊಳಗೆ ಹೋಯಿತು, ಲಕೋಟೆಯ ಅಂಚು ತಗುಲಿತು. ಅವಳು ಕೈ ಹೊರಗೆ ತೆಗೆದು, ಚೀಲದ ಜಿಪ್ಪು ಎಳೆದು, ಕುರ್ಚಿಯಲ್ಲಿ ಕೂತಳು.

ಹದಿನೈದು ನಿಮಿಷವಾದಾಗ ಜನ ಗಡಿಯಾರ ನೋಡತೊಡಗಿದರು. ಒಬ್ಬ, ಪ್ರಿಂಟರ್ ಕೆಟ್ಟಿದೆಯೇ ಎಂದು ಕೇಳಿದ. ನಾಲ್ಕೈದು ಜನ ನಕ್ಕರು. ಇಪ್ಪತ್ತು ನಿಮಿಷವಾಯಿತು. ನವನೀತ್ ಗೋಡೆಯ ಬದಿಯಿಂದ ಕೈಸನ್ನೆ ಮಾಡಿದ, ಆಮೇಲೆ ಹತ್ತಿರ ಬಂದು ಪಿಸುಗುಟ್ಟಿದ: "ಮೇಡಂ, ಬ್ಲೂ ಮರೆತ್ರಾ?"

"ಇಲ್ಲ" ಎಂದಳು.

ಗಂಟೆ ನಡುವಿನ ಮೇಜಿನ ಮೇಲೆ ಎಲ್ಲರ ಕೈಗೆಟುಕುವ ಹಾಗಿತ್ತು. ಯಾರೂ ಮುಟ್ಟಲಿಲ್ಲ. ಒಳ್ಳೆಯ ವಿದ್ಯಾರ್ಥಿಗಳು, ಹೇಳಿದ್ದನ್ನು ಕೇಳುವವರು. ನಾಲ್ಕು ದಿನ ಅವಳೇ ಹೇಳಿಕೊಟ್ಟಿದ್ದಳು.

ಲಿತಿಯಾ ಮಾತ್ರ ಗಡಿಯಾರ ನೋಡುತ್ತಿರಲಿಲ್ಲ. ಅವಳು ಭಾಗ್ಯಶ್ರೀಯನ್ನೇ ನೋಡುತ್ತಿದ್ದಳು. ಇಪ್ಪತ್ತಾರನೆಯ ನಿಮಿಷಕ್ಕೆ ಎದ್ದು, ಗಂಟೆಯನ್ನು ತೆಗೆದುಕೊಂಡು ನೇರವಾಗಿ ಬಂದು ಅದನ್ನು ಭಾಗ್ಯಶ್ರೀಯ ಕೈಯಲ್ಲಿಟ್ಟಳು.

"ನೀವು ಹೊಡೆಯಿರಿ" ಎಂದಳು.

ಏಳು ವರ್ಷದಲ್ಲಿ ಭಾಗ್ಯಶ್ರೀ ಆ ಗಂಟೆಯನ್ನು ಒಮ್ಮೆಯೂ ಹೊಡೆದಿರಲಿಲ್ಲ. ಎದ್ದು ನಿಂತು ಹೊಡೆದಳು. ಆ ಪುಟ್ಟ ಗಂಟೆಯ ಸದ್ದು ಕೋಣೆಯ ಮೂಲೆಮೂಲೆಗೂ ಹೋಯಿತು. ಅದೇ ಹೊತ್ತಿಗೆ ಬಾಗಿಲಲ್ಲಿ ಅತಿಥಿಗಳು ನಿಂತಿದ್ದರು, ನಾಲ್ಕು ನಿಮಿಷ ಮುಂಚೆಯೇ ಬಂದುಬಿಟ್ಟಿದ್ದರು. ಕಾರ್ಯಾಚರಣೆ ಯಶಸ್ವಿಯಾಗಿ ಮುಗಿಯಿತೆಂದುಕೊಂಡು ಅವರು ಚಪ್ಪಾಳೆ ತಟ್ಟಿದರು. ಕಾರಣ ತಿಳಿಯದಿದ್ದರೂ ಮೇಜುಗಳವರೂ ತಟ್ಟಿದರು. ಫೋಟೋದವನು ಎರಡು ಸಲ ಫ್ಲಾಶ್ ಹೊಡೆದ.

ಚಪ್ಪಾಳೆ ನಿಲ್ಲುವವರೆಗೆ ಭಾಗ್ಯಶ್ರೀ ಕಾದಳು.

"ಈಗ ನೀರು ರಸ್ತೆಗೆ ಬಂದಿದೆ" ಎಂದಳು. "ನೀವು ಯಾರೂ ಉಳಿದಿಲ್ಲ. ತಪ್ಪು ನಿಮ್ಮದಲ್ಲ. ಎರಡನೆಯ ಸಂದೇಶ ಬಂದೇ ಬರುತ್ತದೆ ಎಂದು ನಂಬಿಸಿದವಳು ನಾನು. ನಿಮ್ಮ ಬ್ರೋಷರಿನ ಎರಡನೆಯ ಪುಟ ತೆಗೆಯಿರಿ. ಅವನ ಹೆಸರು ಸಿಯೋನೆ. ನನ್ನ ಮಾತು ಕೇಳಿ ಇಪ್ಪತ್ತಾರು ನಿಮಿಷ ಕಾದ."

ಹಾಳೆ ತಿರುವುವ ಸದ್ದು ಕೇಳಿತು. ಅದರ ಜೊತೆಗೆ ಇನ್ನೂ ಏನೋ ಸಣ್ಣಗೆ ಕಿಣಿಕಿಣಿ ಎನ್ನುತ್ತಿತ್ತು. ಏನೆಂದು ಅವಳು ಕೆಳಗೆ ನೋಡಿದಳು. ಅವಳ ಕೈ ನಡುಗುತ್ತಿತ್ತು, ಗಂಟೆ ನಿಲ್ಲುತ್ತಿರಲಿಲ್ಲ. ನಿಲ್ಲಿಸಲು ನೋಡಿದಳು, ಆಗಲಿಲ್ಲ. ಲಿತಿಯಾ ತನ್ನ ಎರಡೂ ಕೈಗಳಿಂದ ಆ ಕೈಯನ್ನು, ಗಂಟೆಯನ್ನು ಸೇರಿಸಿ ಹಿಡಿದುಕೊಂಡಳು.