ಬೇರೆ ಕಾರಣಗಳು

"ತ್ರಾಸ ಖರೇ ಇರಲಿ, ಆದರ ಸಣ್ಣದಿರಲಿ," ಎಂದು ದೇವೀಂದ್ರಪ್ಪ ಸರ್ ಇನ್ನೊಮ್ಮೆ ಹೇಳುವ ಹೊತ್ತಿಗೆ ತುಕಾರಾಮ ರೋಗಿಯ ಕುರ್ಚಿಯಲ್ಲಿ ಕೂತಾಗಿತ್ತು. ಎದುರಿಗೆ ಚಿಕಿತ್ಸೆ ಮಾಡುವವಳಾಗಿ ಕೂತವಳು ಅವನ ಸಹಪಾಠಿ ಮಹಾನಂದಾ. ಸೇಡಂ ರಸ್ತೆಯ ಆಸ್ಪತ್ರೆಯ ಮೇಲಂತಸ್ತಿನ ಆ ಕೋಣೆಯಲ್ಲಿ ಕ್ಲಿನಿಕಲ್ ಸೈಕಾಲಜಿ ಓದುವ ಉಳಿದವರು ಗೋಡೆಗೆ ಬೆನ್ನು ಹಚ್ಚಿ ನೋಡುತ್ತಿದ್ದರು.

ನಿಜವಾದ ರೋಗಿಗಳನ್ನು ಕಾಣುವ ಮೊದಲು ವಿದ್ಯಾರ್ಥಿಗಳು ಒಬ್ಬರ ಮೇಲೊಬ್ಬರು ಕೈ ಪಳಗಿಸಿಕೊಳ್ಳಬೇಕೆಂಬುದು ಸರ್ ಹಾಕಿದ ನಿಯಮ. ಮನಸ್ಸಿಗೆ ಬಂದ ವಿಚಾರವೆಲ್ಲ ಸತ್ಯವಲ್ಲ. ಅದನ್ನು ಹಿಡಿದು ನಿಲ್ಲಿಸಿ ಸಬೂತು ಕೇಳಬೇಕು, ಬೇರೆ ಕಾರಣ ಇರಬಹುದೇ ಎಂದು ಹುಡುಕಬೇಕು, ಕಡೆಗೆ ಸ್ವತಃ ಪರೀಕ್ಷೆ ಮಾಡಿ ನೋಡಬೇಕು. ಬೆಂಗಳೂರಿನಲ್ಲಿ ಕಲಿತು ಬಂದ ಈ ಚಿಕಿತ್ಸೆಯನ್ನು ಅವರು ಕಲಬುರಗಿಯ ಮಾತಿನಲ್ಲೇ ಕಲಿಸುತ್ತಿದ್ದರು. ಹಿಂದಿನ ವಾರ ಒಬ್ಬ ಹುಡುಗ ಹಲ್ಲಿಯ ಅಂಜಿಕೆ ಹೇಳಿ ಎಲ್ಲರನ್ನೂ ನಗಿಸಿದ್ದ.

ತುಕಾರಾಮ ಪರೀಕ್ಷೆಯ ಭಯ ಹೇಳಿ ಮುಗಿಸಿಬಿಡಬೇಕೆಂದು ಬಂದಿದ್ದ. ಆದರೆ ಮಹಾನಂದಾ ಅವಸರ ಮಾಡುವವಳಲ್ಲ. "ನಿದ್ದಿ ಹೆಂಗದ?" ಎಂದು ಕೇಳಿ ಸುಮ್ಮನೆ ಕಾಯುತ್ತ ಕೂತಳು. ಆ ಕಾಯುವಿಕೆಗೆ ಅವನ ಬಾಯಿ ತಾನಾಗಿ ಬಿಚ್ಚಿತು.

"ನಾ ಇರೋ ಮನಿ ಮಾಲಕರಿಗಿ ನನ್ನ ಜಾತಿ ಗೊತ್ತಿಲ್ರಿ. ಗೊತ್ತಾದ್ರ ಖೋಲಿ ಬಿಡಸ್ತಾರ ಅನಸ್ತದ."

ಮಹಾನಂದಾ ಸರ್ ಮುಖ ನೋಡಿದಳು. ಮುಂದುವರಿಸು ಎಂಬಂತೆ ಅವರು ತಲೆಯಾಡಿಸಿದರು.

"ಈ ವಿಚಾರ ನೂರಕ್ಕ ಎಷ್ಟು ನಂಬ್ತೀರಿ?"

"ತೊಂಬತ್ತು."

"ಸಬೂತೇನದ? ಅವರು ಎಂದಾದ್ರೂ ಅಂಥಾ ಮಾತು ಆಡ್ಯಾರೇನು?"

ಆಡಿರಲಿಲ್ಲ. ಮನೆಯ ಮಾಲಕ ಅಣವೀರಪ್ಪ ಅಂಚೆ ಕಚೇರಿಯಿಂದ ನಿವೃತ್ತರಾದ ಮನುಷ್ಯ; ಬಾಯಿ ತೆರೆದರೆ ತಮ್ಮಾ ಎನ್ನುವವರು. ಅವರ ಹೆಂಡತಿ ದುಂಡಮ್ಮ ಎಷ್ಟೋ ಮುಂಜಾನೆ ಬಿಸಿ ರೊಟ್ಟಿಯ ಮೇಲೆ ಶೇಂಗಾ ಹಿಂಡಿ ಇಟ್ಟು ಕಳಿಸುತ್ತಿದ್ದಳು. ಮೊದಲ ದಿನ ಅವರೇ ಏನೋ ಊಹಿಸಿಕೊಂಡಿದ್ದರು, ಇವನು ತಿದ್ದಿರಲಿಲ್ಲ, ಅಷ್ಟೇ. ಅವ್ವ ಕಮಲಾಪುರದಿಂದ ಬಂದಾಗಲೆಲ್ಲ ಬಸ್ ನಿಲ್ದಾಣದಲ್ಲೇ ಭೇಟಿಯಾಗಿ, ಚಹಾ ಕುಡಿಸಿ, ಅಲ್ಲಿಂದಲೇ ತಿರುಗಿ ಕಳಿಸುತ್ತಿದ್ದುದನ್ನೂ ಅವನು ಹೇಳಿಕೊಂಡ. ಹೇಳುತ್ತ ಹೋದಂತೆ, ಅಷ್ಟು ಒಳ್ಳೆಯವರನ್ನು ತಾನೇ ಸುಮ್ಮನೆ ಶಂಕಿಸುತ್ತಿದ್ದೇನೆ ಅನ್ನಿಸತೊಡಗಿತು. ಎದೆ ಹಗುರಾಯಿತು.

"ಒಮ್ಮಿ ಹೇಳಿ ನೋಡ್ರಲ್ಲ," ಎಂದಳು ಮಹಾನಂದಾ.

ಸರ್ ಎದ್ದು ಬಂದು ಅವನ ಹೆಗಲ ಮೇಲೆ ಕೈಯಿಟ್ಟರು. "ಹೇಳೋದು ಬಿಡೋದು ನಿನ್ನ ಮರ್ಜಿ. ಆದರ ಅಂಜಿಕಿಗಿ ಇದೇ ಮದ್ದು ನೋಡು."

ಎರಡು ದಿನ ಬಿಟ್ಟು ಸಂಜೆ ಅವನು ಹೇಳಿದ. ಅಣವೀರಪ್ಪ ಕಟ್ಟೆಯ ಮೇಲೆ ಕೂತು ಕನ್ನಡಕ ಒರೆಸಿಕೊಳ್ಳುತ್ತಿದ್ದರು. ಮಾತು ಕೇಳಿ ಕನ್ನಡಕವನ್ನು ಮೂಗಿಗೇರಿಸಿ ನಕ್ಕರು. "ಅದಕ್ಕೇನಾಯ್ತೋ ತಮ್ಮಾ? ಈಗ ಯಾರು ಕೇಳ್ತಾರ ಅದನ್ನ? ನಮ್ಮ ಆಫೀಸಿನ್ಯಾಗ ನಾವೆಲ್ಲಾ ಕೂಡೇ ಉಣ್ತಿದ್ದಿವಿ." ಒಳಗೆ ದುಂಡಮ್ಮ ಮೊರದಿಂದ ತಲೆಯೆತ್ತದೆ ಅಕ್ಕಿ ಆರಿಸುತ್ತಲೇ ಇದ್ದಳು. ಅಂದು ಅವನಿಗೆ ಕಣ್ಣು ತುಂಬ ನಿದ್ದೆ ಬಂತು.

ತರಗತಿಯಲ್ಲಿ ಚಪ್ಪಾಳೆ ಬಿತ್ತು. ಈಗೆಷ್ಟು ನಂಬುತ್ತೀ ಎಂದು ಸರ್ ಕೇಳಿದಾಗ ಅವನು ನಾಚಿಕೊಂಡು ಇಪ್ಪತ್ತು ಎಂದ. ಮಹಾನಂದಾಳ ಕಣ್ಣಂಚು ಒದ್ದೆಯಾಗಿತ್ತು. "ಮುಂದಿನ ವರ್ಷದ ಹುಡುಗರಿಗಿ ಇದೇ ಹೇಳ್ತೀನಿ," ಎಂದರು ಸರ್.

ಆ ವಾರ ರೊಟ್ಟಿ ಬರಲಿಲ್ಲ. ದುಂಡಮ್ಮನಿಗೆ ಮೊಣಕಾಲು ನೋವು, ಒಲೆಯ ಮುಂದೆ ಬಹಳ ಹೊತ್ತು ಕೂಡಲಾರಳು ಎಂದುಕೊಂಡ. ಅಂಗಳದ ನಲ್ಲಿಯ ಕೆಳಗಿದ್ದ ಅವನ ಕೊಡ ಒಂದು ಮುಂಜಾನೆ ಗೇಟಿನ ಹೊರಗಿತ್ತು. ಕಸ ಗುಡಿಸುವಾಗ ಸರಿಸಿರಬೇಕು. ಮರುದಿನವೂ ಅದು ಹೊರಗೇ ಇತ್ತು. ತಿಂಗಳ ಕೊನೆಗೆ ಅಣವೀರಪ್ಪ ಖೋಲಿಯ ಬಾಗಿಲಿಗೆ ಬಂದರು. ಒಳಗೆ ಕಾಲಿಡದೆ, ಚೌಕಟ್ಟಿನ ಬಣ್ಣವನ್ನು ಉಗುರಿನಿಂದ ಕೆರೆಯುತ್ತ ನಿಂತರು.

"ನಮ್ಮ ತಂಗಿ ಮಗ ಓದಲಾಕ ಬರ್ಲಾಕತ್ಯಾನ ತಮ್ಮಾ. ಖೋಲಿ ಬೇಕಾಗ್ಯದ. ನೀ ಮನಸಿನ್ಯಾಗ ಬ್ಯಾರೆ ತಿಳ್ಕೋಬ್ಯಾಡ."

"ಇಲ್ರಿ ಕಾಕಾ," ಎಂದ ತುಕಾರಾಮ. ಅವರನ್ನು ಸಮಾಧಾನ ಮಾಡುವ ಧ್ವನಿಯಲ್ಲಿ ಹೇಳಿದ್ದು ಅವರು ಹೋದಮೇಲೆ ಅವನಿಗೆ ತಿಳಿಯಿತು.

ತರಗತಿಯಲ್ಲಿ ಇದನ್ನು ಹೇಳಬಾರದೆಂದಿದ್ದ. ಸರ್ ತಾವಾಗಿಯೇ ಕೇಳಿದ್ದರಿಂದ ಹೇಳಿದ. ಸರ್ ಎದ್ದು, ಪಾಠದ ಹಾದಿ ತಪ್ಪಬಾರದೆಂಬಂತೆ, ಹಲಗೆಯ ಮೇಲೆ ‘ಬೇರೆ ಕಾರಣಗಳು’ ಎಂದು ಬರೆದರು. ಒಬ್ಬ ಮೊಣಕಾಲಿನ ನೋವೆಂದ. ಇನ್ನೊಬ್ಬ ನೀರಿನ ತಾಪತ್ರಯವೆಂದ. ಎಲ್ಲರೂ ಅವನ ಮೇಲಿನ ಪ್ರೀತಿಯಿಂದಲೇ ಹೇಳುತ್ತಿದ್ದರು, ಅದು ಅವನಿಗೂ ಕಾಣುತ್ತಿತ್ತು.

"ತಂಗಿ ಮಗ ಖರೇನೇ ಬರ್ತಿರಬಹುದಲ್ಲ?" ಎಂದಳು ಮಹಾನಂದಾ. ಬೇಡಿಕೊಳ್ಳುವ ಹಾಗಿತ್ತು ಅವಳ ದನಿ.

"ಬರ್ತಿರಬಹುದು," ಎಂದ ತುಕಾರಾಮ. ಸುಮ್ಮನಾಗಬೇಕೆಂದಿದ್ದವನಿಗೆ ಆಗಲಿಲ್ಲ. "ಈ ಕೆಲಸ ನಾ ಸಣ್ಣಾಂವಿದ್ದಾಗಿಂದ ಮಾಡ್ಲಾಕತ್ತೀನ್ರಿ ಸರ್. ಹೋಟೆಲಿನ್ಯಾಗ ನನಗ ಬ್ಯಾರೆ ಕಪ್ ಕೊಟ್ಟರ, ಕಪ್ ಕಮ್ಮಿ ಬಿದ್ದಿರಬೇಕು ಅಂದ್ಕೊಂಡೆ. ಗೆಳ್ಯಾನ ಅವ್ವ ಹೊರಗೇ ನಿಂದರಿಸಿದ್ರ, ಮನ್ಯಾಗ ನೆಲ ಸಾರಸೋದು ನಡದಿರಬೇಕು ಅಂದ್ಕೊಂಡೆ. ಬ್ಯಾರೆ ಕಾರಣ ಹುಡಕೋದು ಇಲ್ಲಿ ಯಾರಿಗೂ ನನ್ನಷ್ಟು ಬರಂಗಿಲ್ಲ."

ದೇವೀಂದ್ರಪ್ಪ ಸರ್ ಕೈಯಲ್ಲಿದ್ದ ಸೀಮೆಸುಣ್ಣವನ್ನು ಕೆಳಗಿಟ್ಟರು. ಆಮೇಲೆ ಇವತ್ತಿಗಿಷ್ಟು ಸಾಕೆಂದರು.

ಮೆಟ್ಟಿಲಲ್ಲಿ ಅವರೇ ಅವನನ್ನು ತಡೆದರು. "ಇದೇ ಮದ್ದು ಅಂದಾಂವ ನಾ. ಖೋಲಿ ಹೋಗಿದ್ದು ನಿಂದು," ಎಂದರು. ಅವರ ಮುಖ ಕೆಂಪಗಾಗಿತ್ತು. "ನಮ್ಮ ಮನ್ಯಾಗ ಮ್ಯಾಲೊಂದು ಖೋಲಿ ಖಾಲಿ ಅದ ತುಕಾರಾಮ. ನಾ…" ಮಾತು ಅಲ್ಲಿಗೆ ನಿಂತಿತು. "ಮನ್ಯಾಗ ಒಂದು ಮಾತು ಕೇಳ್ತೀನಿ."

ಆ ಮಾತನ್ನು ಅವರು ಮತ್ತೆ ಎತ್ತಲಿಲ್ಲ. ಬಾಡಿಗೆಯ ದಿನ ಮುಗಿಯುವ ತನಕ ಕಾದು, ತುಕಾರಾಮ ಟ್ರಂಕು ಹಾಸಿಗೆ ಕಟ್ಟಿಕೊಂಡು ಕಮಲಾಪುರದ ಬಸ್ಸು ಹತ್ತಿದ.

ಅವ್ವ ಹಣಮಮ್ಮ ಬಾಳೆತೋಟದ ಕೆಲಸ ಮುಗಿಸಿ ಬಂದು ಕೈಕಾಲು ತೊಳೆಯುತ್ತಿದ್ದಳು. ಬಾಳೆಯ ಹಾಲಿನ ಕಪ್ಪು ಕಲೆ ಅವಳ ಬೆರಳುಗಳಿಂದ ಎಂದೂ ಹೋಗುತ್ತಿರಲಿಲ್ಲ. ಟ್ರಂಕು ನೋಡಿ ಅವಳು ಊಟಕ್ಕೆ ಬಡಿಸಿದಳು. ಉಂಡ ಮೇಲೆ ಅವನೇ ಹೇಳಿದ.

"ಆ ಮಾಲಕ ಕೇಳಿದ್ನೇನು, ನೀ ಯಾರಂತ?"

"ಇಲ್ಲವ್ವಾ. ನಾನೇ ಹೇಳ್ದೆ."

"ಕೇಳಲಾರದ ಯಾಕ್ ಹೇಳ್ದಿ?"

ಓದಿದ್ದೆಲ್ಲ ತಲೆಯಲ್ಲಿತ್ತು, ಅವ್ವನಿಗೆ ಹೇಳಬಹುದಾದ ಒಂದು ಮಾತೂ ಅದರಲ್ಲಿರಲಿಲ್ಲ. "ಸಾಲ್ಯಾಗ ಹೇಳಂದ್ರು," ಎಂದ.

ಹಣಮಮ್ಮ ಬೈಯಬಹುದೆಂದು ಅವನು ಕಾದ, ಬೈದಿದ್ದರೆ ಒಳ್ಳೆಯದಿತ್ತು. ಅವಳು ಎದ್ದು ಮೂಲೆಯಲ್ಲಿದ್ದ ಜೋಳದ ಚೀಲವನ್ನು ಗೋಡೆಗೆ ಒತ್ತಿ, ಟ್ರಂಕಿಗೆ ಜಾಗ ಮಾಡಿದಳು. "ಸಾಲಿ ಬಿಡಬ್ಯಾಡ," ಎಂದಳು ಬೆನ್ನು ತಿರುಗಿಸಿಯೇ. "ಹೊತ್ತು ಮೂಡೂದ್ರಾಗ ಬಸ್ ಅದ."

ಸೋಮವಾರಕ್ಕೆ ಅವನಿಗೆ ಮೊದಲ ನಿಜವಾದ ರೋಗಿಯನ್ನು ಕೊಟ್ಟಿದ್ದರು. ಪೀರಪ್ಪ ಎಂದು ಹೆಸರು. ಕಪನೂರಿನ ಕಾರ್ಖಾನೆಯಲ್ಲಿ ಯಂತ್ರಕ್ಕೆ ಕೈ ಸಿಕ್ಕು ಉಳಿದುಕೊಂಡವನು. ಈಗ ಯಂತ್ರದ ಹತ್ತಿರ ಹೋದರೆ ನಡುಗುತ್ತಾನೆ, ಹೇಳಿದರೆ ಸೇಠ ಕೆಲಸದಿಂದ ತೆಗೆಯುತ್ತಾನೆಂದು ಯಾರಿಗೂ ಹೇಳಿಲ್ಲ. ಅಂದು ಮುಂಜಾನೆ ಬಸ್ಸಿನಲ್ಲಿ ಕೂತು ತುಕಾರಾಮ ಅವನಿಗೆ ಕೇಳಬೇಕಾದ ಪ್ರಶ್ನೆಗಳನ್ನು ಮನಸ್ಸಿನಲ್ಲೇ ಒಂದೊಂದಾಗಿ ಜೋಡಿಸಿಕೊಳ್ಳುತ್ತಿದ್ದ. ಹೆಸರು, ಊರು, ನಿದ್ದೆ, ಊಟದವರೆಗೆ ಸಲೀಸಾಗಿ ಬಂತು. ಮುಂದಿನ ‘ಸಬೂತೇನದ’ ಎಂಬಲ್ಲಿ ನಿಂತಿತು. ಮೊದಲಿನಿಂದ ಶುರು ಮಾಡಿದ. ಮತ್ತೆ ಅಲ್ಲೇ ನಿಂತಿತು.

ಪಕ್ಕದ ಸೀಟಿನಲ್ಲಿ ಒಬ್ಬ ಮುದುಕ ಕಾಯಿಪಲ್ಲೆಯ ಚೀಲ ಇಟ್ಟುಕೊಂಡು ಕೂತಿದ್ದ. ಬೆಳಕು ಹರಿಯುತ್ತಿದ್ದಂತೆ ಅವನು ತುಕಾರಾಮನ ಇಸ್ತ್ರಿ ಮಾಡಿದ ಅಂಗಿಯನ್ನೂ ಕೊರಳಿನ ಆಸ್ಪತ್ರೆಯ ಗುರುತಿನ ಚೀಟಿಯನ್ನೂ ಮೆಚ್ಚಿಕೆಯಿಂದ ನೋಡಿದ.

"ಆಸ್ಪತ್ರ್ಯಾಗ ಇದ್ದೀರೇನು? ಚಲೋ ಆಯ್ತು. ಕಮಲಾಪುರದಾಗ ಯಾರ ಪೈಕಿ ನೀವು?"

ತುಕಾರಾಮ ಅವನ ಮುಖ ನೋಡಿದ. ಒರಟು ಬಿಳಿಗಡ್ಡದ, ಹಲ್ಲು ಉದುರಿದ, ನಗುವ ಮುಖ. ಅವನು ಅವ್ವನ ಹೆಸರು ಹೇಳಿದ, ಓಣಿಯ ಹೆಸರು ಹೇಳಿದ.

"ಹೌದೇನು," ಎಂದ ಮುದುಕ.

ಬಸ್ಸು ತಿರುವಿನಲ್ಲಿ ಹೊರಳಿತು. ಮುದುಕ ಚೀಲವನ್ನು ತೊಡೆಯ ಮೇಲಕ್ಕೆ ಎಳೆದುಕೊಂಡು ಕಿಟಕಿಯ ಕಡೆಗೆ ಸರಿದ. ಇಬ್ಬರ ನಡುವೆ ಸೀಟಿನ ಮೇಲೆ ಒಂದು ಗೇಣು ಜಾಗ ತೆರವಾಯಿತು. ತುಕಾರಾಮ ಅಲ್ಲಿ ಬಿದ್ದಿದ್ದ ಒಂದೆಸಳು ಕೊತ್ತಂಬರಿಯನ್ನು ನೋಡುತ್ತ ಕೂತ. ಹೊರಗೆ ತೊಗರಿಯ ಹೊಲಗಳ ಮೇಲೆ ಬಿಸಿಲು ಏರತೊಡಗಿತ್ತು.